ಧಾರೆಯಾದ ಮೇಲಿನ ನಾಲ್ಕು ನಿಮಿಷ

ಬೈಂದೂರಿನ ಶಾಂಭವಿ ಟಾಕೀಸಿನಲ್ಲಿ ಸೂರ ಪೂಜಾರಿ ಬಾಗಿಲು ತೆಗೆಯಲು ಶುರುಮಾಡಿ ಮೂವತ್ತೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವನು ಅಲ್ಲಿ ಒಂದು ಸಿನಿಮಾವನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿಲ್ಲ. ಹಾಗೆಂದು ಅವನಿಗೆ ಸಿನಿಮಾ ಗೊತ್ತಿಲ್ಲ ಎಂದುಕೊಂಡರೆ ನೀವು ಮೋಸಹೋಗುತ್ತೀರಿ. ನೋಡಿದವರಿಗಿಂತ ತನಗೇ ಹೆಚ್ಚು ಗೊತ್ತು ಎಂಬುದು ಅವನ ಅಭಿಪ್ರಾಯ. ಟಾಕೀಸಿನ ಯಜಮಾನರಾದ ಲೀಲಾಧರ ಶೆಟ್ಟರ ಅಭಿಪ್ರಾಯವೂ ಅದೇ ಆಗಿತ್ತು.

ಟಾಕೀಸಿಗೆ ಎರಡು ಬಾಗಿಲು. ಎದುರಿನ ಬಾಗಿಲಲ್ಲಿ ಟಿಕೆಟ್ ಹರಿದು ಜನರನ್ನು ಒಳಗೆ ಬಿಡುತ್ತಾರೆ. ಬದಿಯದು ಹೊರಗೆ ಹೋಗುವುದಕ್ಕೆ. ಅದನ್ನು ದಾಟಿದರೆ ಉದ್ದನೆಯ ಓಣಿ, ಓಣಿ ಮುಗಿದಲ್ಲಿ ವಾಹನ ನಿಲ್ಲಿಸುವ ಜಾಗ. ಈ ಬದಿಯ ಬಾಗಿಲು ಸೂರನದು. ಆಟ ಶುರುವಾದ ಮೇಲೆ ಅವನು ಹೊರಗಿನಿಂದ ಚಿಲಕ ಹಾಕಿ, ಓಣಿಯಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಬೀಡಿ ಇಲ್ಲ, ಎಲೆ ಅಡಿಕೆ ಇಲ್ಲ, ಕೈಯಲ್ಲಿ ಫೋನು ಹಿಡಿಯುವುದೂ ಇಲ್ಲ. ಬೆನ್ನು ಗೋಡೆಗೆ, ಕಿವಿ ಬಾಗಿಲಿಗೆ. ಹೊಡೆದಾಟದ ಸದ್ದು ಮುಗಿದು, ಅಳು ಮುಗಿದು, ಸಂತೋಷದ ವಾದ್ಯ ಏರಿತೆಂದರೆ ಅವನ ಕೈ ಚಿಲಕಕ್ಕೆ ಹೋಗುತ್ತದೆ. ಒಳಗೆ ಕುರ್ಚಿಗಳು ಟಪಟಪ ಮಡಚಿಕೊಳ್ಳುವ ಹೊತ್ತಿಗೆ ಎರಡು ಹಲಗೆಯನ್ನೂ ಅಗಲಕ್ಕೆ ತೆರೆದು ಕೊಕ್ಕೆಗೆ ಸಿಕ್ಕಿಸಿ ಆಗಿರುತ್ತದೆ. ಬಾಗಿಲ ಬೆಳಕು ಒಳಗೆ ಬಿದ್ದದ್ದು ಕಂಡ ಕೂಡಲೇ, ಮೇಲಿನ ಕ್ಯಾಬಿನ್ನಿನಲ್ಲಿ ಸಿನಿಮಾ ಓಡಿಸುವ ರಾಜೇಂದ್ರ ಲೈಟು ಹಾಕಿ ಸೌಂಡು ಇಳಿಸುತ್ತಾನೆ. ಪರದೆಯ ಮೇಲೆ ಇನ್ನೂ ಒಂದಿಷ್ಟು ಏನೋ ಓಡುತ್ತಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ನೋಡುವಂಥದ್ದು ಅಲ್ಲಿ ಇರುವುದೂ ಇಲ್ಲ.

ಮುಗಿಯುವ ಮುಂಚೆಯೇ ತೆರೆಯುವುದು ಅವನ ಅವಸರವಲ್ಲ. ಅವನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಭಾನುವಾರ ಟಾಕೀಸು ತುಂಬಿ ತುಳುಕಿತ್ತು. ಸೂರ ಬಾಗಿಲು ತೆಗೆಯುವುದು ಅರ್ಧ ನಿಮಿಷ ತಡವಾಯಿತು. ಹಿಂದಿನವರು ಮುಂದಿನವರನ್ನು ನೂಕಿ, ಶಿರೂರಿನ ಒಂದು ಹೆಣ್ಣು ಮಗುವಿನ ಕೈ ಬಾಗಿಲಿಗೂ ಜನರಿಗೂ ನಡುವೆ ಸಿಕ್ಕಿ ಮುರಿಯಿತು. ಆ ಮಗುವನ್ನು ಎತ್ತಿಕೊಂಡು ಡಾಕ್ಟರಲ್ಲಿಗೆ ಓಡಿದವನು ಸೂರನೇ. ಅವತ್ತು ಲೀಲಾಧರ ಶೆಟ್ಟರ ತಂದೆ ಬದುಕಿದ್ದರು. ಇನ್ನು ಮೇಲೆ ಸಿನಿಮಾ ಮುಗಿಯಲಿ ಬಿಡಲಿ, ಜನ ಏಳುವ ಮೊದಲು ಬಾಗಿಲು ತೆರೆದಿರಬೇಕು ಎಂದು ಕಟ್ಟಪ್ಪಣೆ ಮಾಡಿದರು. ಈಗ ಟಾಕೀಸು ತುಂಬುವುದಿರಲಿ, ನೂರು ಜನ ಬಂದರೆ ಶೆಟ್ಟರು ಎದ್ದು ಬಂದು ಇಣುಕಿ ನೋಡುತ್ತಾರೆ. ಆದರೆ ಅಪ್ಪಣೆ ಅಪ್ಪಣೆಯೇ. ಸೂರ ಅದನ್ನು ಒಂದು ಆಟಕ್ಕೂ ತಪ್ಪಿಸಿದವನಲ್ಲ.

ಅವನಿಗೆ ಇನ್ನೊಂದು ಕೆಲಸವಿತ್ತು. ಅದನ್ನು ಯಾರೂ ಕೊಟ್ಟದ್ದಲ್ಲ, ತಾನಾಗಿ ಬಂದದ್ದು. ಹೊಸ ಸಿನಿಮಾದ ಮೊದಲ ಆಟ ಬಿಟ್ಟಾಗ ಬಾಗಿಲ ಪಕ್ಕ ನಿಂತು ಹೊರಗೆ ಬರುವವರ ಮುಖ ನೋಡುವುದು. ಕೊನೆ ಮನಸ್ಸಿಗೆ ಹಿಡಿದಿದ್ದರೆ ಜನ ಓಣಿಯಲ್ಲಿ ಮಾತಾಡುವುದಿಲ್ಲ, ಬೈಕಿನ ಹತ್ತಿರ ಹೋದ ಮೇಲೆ ಬಾಯಿ ಬಿಡುತ್ತಾರೆ. ಹಿಡಿಸದಿದ್ದರೆ ಹೊಸ್ತಿಲು ದಾಟುವ ಮೊದಲೇ ಶುರುಮಾಡುತ್ತಾರೆ. ನಡುವೆ ಎಷ್ಟು ಚೆಂದವಿದ್ದರೂ ಕೊನೆ ಕೆಟ್ಟರೆ ಇಡೀ ಸಿನಿಮಾ ಕೆಟ್ಟಿತು ಎಂಬುದು ಸೂರನ ಸಿದ್ಧಾಂತ. ಎಲ್ಲ ನೋಡಿ ಆದ ಮೇಲೆ ಶೆಟ್ಟರ ಕೋಣೆಗೆ ಹೋಗಿ ಒಂದೇ ಮಾತು ಹೇಳುತ್ತಾನೆ: ಎರಡು ವಾರ, ಇಲ್ಲವೇ ಭಾನುವಾರದ ತನಕ, ಇಲ್ಲವೇ ನಾಳೆಗೇ ತೆಗೆಯಿರಿ. ಶೆಟ್ಟರಿಗೆ ಹೊನ್ನಾವರದಲ್ಲೂ ಮುಂಬಯಿಯಲ್ಲೂ ಹೋಟೆಲುಗಳಿವೆ, ಟಾಕೀಸು ಅಪ್ಪ ಬಿಟ್ಟುಹೋದದ್ದು ಎಂಬ ಕಾರಣಕ್ಕೆ ಇಟ್ಟುಕೊಂಡದ್ದು. ಸಿನಿಮಾ ನೋಡುವ ಪುರುಸೊತ್ತಿಲ್ಲದ ಅವರು ಸೂರನ ಮಾತಿನ ಮೇಲೆಯೇ ಮುಂದಿನ ವಾರದ ಪೋಸ್ಟರು ಅಂಟಿಸುತ್ತಿದ್ದರು. ಆ ಮಾತು ತಪ್ಪಿದ್ದು ಇಲ್ಲ ಎಂದು ಇಬ್ಬರೂ ನಂಬಿದ್ದರು.

ಇಷ್ಟು ಹೇಳಿದ ಮೇಲೆ ಅವನ ಹೆಂಡತಿಯ ವಿಷಯಕ್ಕೆ ಬರಬಹುದು.

ಚಂದ್ರಮತಿ ಯಡ್ತರೆಯ ಒಂದು ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡುತ್ತಾಳೆ. ಐವತ್ತನಾಲ್ಕು ವರ್ಷ, ದಪ್ಪ ಧ್ವನಿ. ನೂರಿಪ್ಪತ್ತು ಮಕ್ಕಳ ಗಲಾಟೆಯನ್ನು ಸೌಟು ತಟ್ಟದೆ ನಿಲ್ಲಿಸಬಲ್ಲವಳು. ಹೋದ ವರ್ಷ ಬ್ರಹ್ಮಾವರದ ಅಜಿತ್ ಎಂಬವನು ದೊಡ್ಡ ಹಂಡೆಗಳು ಬೇಕೆಂದು ಆ ಶಾಲೆಗೆ ಬಂದ. ಹತ್ತು ವರ್ಷ ಮದುವೆಯ ವೀಡಿಯೋ ತೆಗೆದ ಹುಡುಗ, ಈಗ ಕುಂದಾಪ್ರ ಕನ್ನಡದಲ್ಲಿ ಸಿನಿಮಾ ಮಾಡಲು ಹೊರಟಿದ್ದ. ಹೆಸರು ‘ಮದಿ ಮನಿ ಸರ’. ಮದುವೆ ಮನೆಯಲ್ಲಿ ಒಂದು ಸರ ಕಳೆದುಹೋಗುತ್ತದೆ, ಅದರ ಕತೆ. ಹಂಡೆ ಕೇಳಲು ಬಂದವನು, ಊಟ ಚೆಲ್ಲಿದ ಒಬ್ಬ ಹುಡುಗನನ್ನು ಚಂದ್ರಮತಿ ಬೈಯುವುದನ್ನು ಕೇಳಿ ಅಲ್ಲೇ ನಿಂತುಬಿಟ್ಟ. ಅಡುಗೆಯವಳ ಪಾತ್ರಕ್ಕೆ ಅವನು ಹುಡುಕುತ್ತಿದ್ದದ್ದು ಆ ಧ್ವನಿಯನ್ನೇ ಅಂತೆ. ಹಂಡೆಯ ಜೊತೆಗೆ ಹಂಡೆ ತೊಳೆಯುವವಳನ್ನೂ ಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ.

ಚಂದ್ರಮತಿ ಒಂದು ವಾರ ಆಗುವುದಿಲ್ಲ ಎಂದಳು, ಎಂಟನೆಯ ದಿನ ಹೊರಟಳು. ಎರಡು ದಿನದ ಶೂಟಿಂಗು. ಮೊದಲ ದಿನವೇ ಹಂಡೆಯ ಎದುರು ಕೂರಿಸಿ ಉದ್ದದ ಒಂದು ಮಾತು ಹೇಳಿಸಿದರು. ಎರಡನೆಯ ದಿನ ಅನ್ನ ಬಸಿಯುವುದು, ತೆಂಗಿನಕಾಯಿ ತುರಿಯುವುದು, ಆಚೆ ಈಚೆ ಹೋಗುವುದು. ಆ ಉದ್ದದ ಮಾತು ಸಿನಿಮಾದಲ್ಲಿ ಎಲ್ಲಿ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಮನೆಗೆ ಬಂದು ಗಂಡನಿಗೆ, ನನ್ನದೂ ಒಂದು ಸೀನು ಇದೆ ಎಂದಷ್ಟೇ ಹೇಳಿದಳು. ಆದರೆ ಆಮೇಲಿನ ಎಂಟು ತಿಂಗಳಲ್ಲಿ ಕನ್ನಡಿಯ ಎದುರು ಅವಳು ನಿಲ್ಲುವ ಹೊತ್ತು ಸ್ವಲ್ಪ ಹೆಚ್ಚಾದದ್ದನ್ನು ಸೂರ ಗಮನಿಸಿದ್ದ. ಅದು ಅವನಿಗೆ ಇಷ್ಟವಾಗಿತ್ತು.

ಸಿನಿಮಾ ಮುಗಿದು ಬಿಡುಗಡೆಯ ಮಾತು ಬಂದಾಗ ಯಾವ ಟಾಕೀಸಿನವರೂ ಆಟ ಕೊಡಲಿಲ್ಲ. ಅಜಿತ್ ಲೀಲಾಧರ ಶೆಟ್ಟರ ಎದುರು ನಾಲ್ಕು ಸಲ ಬಂದು ಕೂತ. ಕಡೆಗೆ ಶೆಟ್ಟರು ಒಂದು ವಾರ ಕೊಟ್ಟರು. ಬೈಂದೂರಿನಲ್ಲಿ ಜನ ಮೆಚ್ಚಿದರೆ ಕುಂದಾಪುರದವರೂ ಕೊಡುತ್ತಾರೆ ಎಂಬುದು ಲೆಕ್ಕ.

ಶುಕ್ರವಾರ ಮಧ್ಯಾಹ್ನದ ಮೊದಲ ಆಟಕ್ಕೆ ಯಡ್ತರೆಯ ಅರ್ಧ ಊರು ಬಂತು. ಅರ್ಧ ದಿನ ರಜೆ ಹಾಕಿದ ಶಾಲೆಯ ಟೀಚರುಗಳು, ಸ್ವಸಹಾಯ ಸಂಘದ ಹೆಂಗಸರು, ಮೀನಿನ ಟೆಂಪೋ ಓಡಿಸುವ ಚಂದಯ್ಯ, ಎಲ್ಲರೂ. ಚಂದ್ರಮತಿ ಹಸಿರು ಸೀರೆ ಉಟ್ಟು ನಡುವಿನ ಸಾಲಿನಲ್ಲಿ ಕೂತಳು. ನೀನೂ ಒಳಗೆ ಕೂತು ನೋಡಬಾರದೇ ಎಂದು ಶೆಟ್ಟರೇ ಸೂರನಿಗೆ ಹೇಳಿದರು. ಅಷ್ಟು ಜನ ಬಂದ ದಿನ ಬಾಗಿಲು ಬಿಟ್ಟು ಕೂರುವುದು ಹೇಗೆ, ಸೋಮವಾರವೋ ಮಂಗಳವಾರವೋ ನೋಡಿದರಾಯಿತು ಎಂದು ಅವನು ಓಣಿಯಲ್ಲೇ ಉಳಿದ.

ಸಿನಿಮಾ ಚೆನ್ನಾಗಿಯೇ ಹೋಗುತ್ತಿದೆ ಎಂದು ಬಾಗಿಲಿನಾಚೆಯ ನಗು ಹೇಳುತ್ತಿತ್ತು. ಸರ ಕದ್ದವನೆಂದು ಮುತ್ತ ಎಂಬ ಬಡವನ ಮೇಲೆ ಅನುಮಾನ, ಅವನಿಗೆ ಪೆಟ್ಟು, ಗಂಡಿನ ಕಡೆಯವರ ಜಗಳ, ಮದುವೆ ನಿಂತೇ ಹೋಗುವ ಹೊತ್ತು. ಆಗ ಮದುಮಗ ಎದ್ದುನಿಂತು ಸರ ಬೇಡ, ಹುಡುಗಿ ಸಾಕು ಎನ್ನುತ್ತಾನೆ. ಚಪ್ಪಾಳೆ. ಧಾರೆ. ವಾಲಗ ಏರಿತು. ಸೂರ ಚಿಲಕ ಎಳೆದ.

ನಮ್ಮ ಕಡೆ ಮದುವೆಗೆ ಹೋದವರಿಗೆ ಇದು ಗೊತ್ತಿರುತ್ತದೆ. ಧಾರೆಯ ನೀರು ಬೀಳುವ ತನಕ ಜನ ಕೂತಿರುತ್ತಾರೆ. ನೀರು ಬಿತ್ತೋ, ಇಡೀ ಹಾಲ್ ಎದ್ದು ಊಟದ ಕಡೆಗೆ ಹೊರಡುತ್ತದೆ. ಮೊದಲ ಪಂಕ್ತಿ ತಪ್ಪಿಸಿಕೊಂಡವನನ್ನು ಮನೆಯಲ್ಲೇ ಯಾರೂ ಮರ್ಯಾದೆಯಿಂದ ಕಾಣುವುದಿಲ್ಲ. ಟಾಕೀಸಿನಲ್ಲಿ ಊಟ ಇರಲಿಲ್ಲ, ಆದರೆ ವಾಲಗ ಕೇಳಿದ ಕೂಡಲೇ ಕಾಲು ತಾನಾಗಿ ಎದ್ದಿತು. ಎದ್ದವರಿಗೆ ಬಾಗಿಲೂ ತೆರೆದೇ ಇತ್ತು. ರಾಜೇಂದ್ರ ಲೈಟು ಹಾಕಿದ. ಐದು ನಿಮಿಷದಲ್ಲಿ ಟಾಕೀಸು ಖಾಲಿ.

ಹೊಸ್ತಿಲಲ್ಲೇ ಮಾತು ಶುರುವಾಯಿತು. ಎಲ್ಲರದೂ ಒಂದೇ ಪ್ರಶ್ನೆ: ಸರ ಎಲ್ಲಿ ಹೋಯಿತು? ಎರಡು ಗಂಟೆ ಹುಡುಕಿಸಿ, ಒಬ್ಬನಿಗೆ ಹೊಡೆಸಿ, ಕಡೆಗೆ ಸರ ಸಿಗದೆ ಮದುವೆ ಮಾಡಿ ಮುಗಿಸಿದರೆ ಅದು ಎಂಥ ಕತೆ ಎಂದು ಟೀಚರುಗಳು. ಮುತ್ತ ಕದ್ದನೋ ಇಲ್ಲವೋ ಅದಾದರೂ ಹೇಳಬೇಡವೇ ಎಂದು ಚಂದಯ್ಯ. ಅಜಿತ್ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ, ಯಾರಿಗೂ ಉತ್ತರ ಕೊಡದೆ ಬೈಕು ಹತ್ತಿ ಹೋದ. ಕಟ್ಟಕಡೆಗೆ ಚಂದ್ರಮತಿ ಬಂದಳು. ಸೆರಗಿನ ತುದಿ ಮುಷ್ಟಿಯಲ್ಲಿತ್ತು. ಹೇಗಿತ್ತು ಎಂದು ಸೂರ ಕೇಳಿದ್ದಕ್ಕೆ, ಆಯಿತಲ್ಲ ಎಂದು ಹೇಳಿ ನಡೆದಳು.

ಸೂರ ಶೆಟ್ಟರ ಕೋಣೆಗೆ ಹೋಗಿ, ಈ ಗುರುವಾರಕ್ಕೇ ತೆಗೆಯಿರಿ, ಎರಡನೆಯ ವಾರ ಬೇಡ, ಕೊನೆ ಸರಿ ಇಲ್ಲ ಎಂದ. ಹೆಂಡತಿ ಇರುವ ಸಿನಿಮಾ, ಯೋಚನೆ ಮಾಡಿ ಹೇಳು ಎಂದರು ಶೆಟ್ಟರು. ಹೆಂಡತಿ ಇದ್ದರೂ ಕೊನೆ ಕೊನೆಯೇ ಎಂದ ಸೂರ. ಆ ಉತ್ತರದ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ದಾರಿಯಲ್ಲಿ ಹೋಗುತ್ತಾ ಅದನ್ನು ತನಗೇ ಇನ್ನೊಮ್ಮೆ ಹೇಳಿಕೊಂಡ.

ಶನಿವಾರದ ಹೊತ್ತಿಗೆ ಫೋನುಗಳಲ್ಲೆಲ್ಲ ‘ಸರ ಎಲ್ಲಿ’ ಎಂಬ ತಮಾಷೆ ಹರಿದಾಡಿತು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಮಚ ಸಿಗದಿದ್ದರೂ ಅಜಿತನನ್ನೇ ಕೇಳಿ ಎನ್ನುತ್ತಿದ್ದರು. ಅಲ್ಲಿ ಇಲ್ಲಿ ಒಬ್ಬಿಬ್ಬರು, ಕಡೆಗೆ ಏನೋ ಹೇಳುತ್ತಾರೆ, ಗಲಾಟೆಯಲ್ಲಿ ಕೇಳಲಿಲ್ಲ ಎಂದದ್ದುಂಟು. ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ. ಸೋಮವಾರದಿಂದ ಒಂದೇ ಆಟ, ಮಧ್ಯಾಹ್ನದ್ದು ಮಾತ್ರ ಎಂದಾಯಿತು.

ಮಂಗಳವಾರ ಸ್ಥಳೀಯ ರಜೆ, ಚಂದ್ರಮತಿ ಮನೆಯಲ್ಲಿದ್ದಳು. ಶಿರೂರಿನಿಂದ ಅವಳ ಅಣ್ಣನ ಮಗಳು ದೀಕ್ಷಾ ಫೋನು ಮಾಡಿದಳು. ನಾವು ಆರೇಳು ಜನ ಅತ್ತೆಯ ಸಿನಿಮಾಕ್ಕೆ ಬರುತ್ತೇವೆ ಎಂಬುದು ಅವಳ ಸಂಭ್ರಮ. ಬರುವುದು ಬೇಡ, ಅದರಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದು ಚಂದ್ರಮತಿ ಫೋನು ಇಟ್ಟದ್ದು ಸೂರನ ಕಿವಿಗೆ ಬಿತ್ತು. ಅವನು ಅಂಗಿ ಹಾಕಿಕೊಂಡು ಟಾಕೀಸಿಗೆ ಹೊರಟಿದ್ದ. ಬರುವ ಜನರನ್ನು ಯಾಕೆ ಬೇಡ ಅಂದೆ ಎಂದು ಕೇಳಿದ.

ಚಂದ್ರಮತಿ ಮೀನು ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ ಮುಖ ಬಂದ್ ಕೂಡ್ಲೆ ಎಲ್ಲಾ ಎದ್ದ್ ಹೋದ್ರಲೆ. ಬೇರೆಯವ್ರಲ್ಲ, ನಮ್ಮೂರಿನವ್ರೇ. ಅಷ್ಟ್ ದೊಡ್ಡ ಪರದಿ ಮೇಲ್ ಈ ಮುಖ ಯಾರಿಗ್ ಬೇಕ್? ಬ್ಯಾಡ ಅಂತ ನಾ ಸುರುವಿಗೇ ಹೇಳಿದ್ದೆ."

ಸೂರನಿಗೆ ಮೊದಲು ಅರ್ಥವಾಗಲಿಲ್ಲ. ನಿನ್ನ ಮುಖ ಬಂದದ್ದು ಯಾವಾಗ ಎಂದ. ಧಾರೆ ಆದ ಮೇಲೆ ಎಂದಳು. ಧಾರೆಯಾದ ಮೇಲೆ ನಾಲ್ಕು ನಿಮಿಷ ಪೂರ್ತಿ ಅವಳದೇ ಅಂತೆ. ಹಂಡೆಯ ಎದುರು ಕೂತು ಹೇಳಿದ ಆ ಉದ್ದದ ಮಾತು ಅಲ್ಲಿತ್ತು. ಅಜಿತ್ ಅದನ್ನು ಕೊನೆಗೆ ಇಟ್ಟಿದ್ದು ಅವಳಿಗೂ ಗೊತ್ತಾದದ್ದು ಶುಕ್ರವಾರವೇ. ಪರದೆಯ ಮೇಲೆ ತಾನು ಕಂಡ ಕೂಡಲೇ ಜನ ಎದ್ದರು, ಲೈಟು ಬಿತ್ತು, ತನ್ನ ಧ್ವನಿ ತನಗೇ ಕೇಳಲಿಲ್ಲ ಎಂದಳು. ಮತ್ತೆ ಮೀನು ಹೆಚ್ಚತೊಡಗಿದಳು.

ಧಾರೆ, ವಾಲಗ, ಚಿಲಕ. ಯಾವುದರ ನಂತರ ಯಾವುದು ಎಂಬುದು ಜಗತ್ತಿನಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಟಾಕೀಸಿಗೆ ಹೋದ.

ಆ ದಿನ ಒಳಗೆ ಇದ್ದವರು ಇಪ್ಪತ್ತು ಜನ. ವಾಲಗ ಏರಿತು, ಅವನು ಚಿಲಕ ಎಳೆದು ಒಂದು ಹಲಗೆಯನ್ನು ಮಾತ್ರ ತೆರೆದ. ಇಷ್ಟು ವರ್ಷ ಅವನು ಬಾಗಿಲಲ್ಲಿ ನೋಡುತ್ತಿದ್ದದ್ದು ಬರುವವರ ಮುಖವನ್ನು. ಅವತ್ತು ತಲೆ ಒಳಗೆ ಹಾಕಿ ಪರದೆ ನೋಡಿದ. ಓಣಿಯ ಬೆಳಕು ಬಿದ್ದು ಬಿಳುಚಿಕೊಂಡ ಪರದೆಯ ಮೇಲೆ ಅವನ ಹೆಂಡತಿ ಕೂತಿದ್ದಳು. ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವಳಿಗೆ ಬೆನ್ನು ಹಾಕಿ ಇಪ್ಪತ್ತು ಜನ ಅವನ ಕಡೆಗೆ ನಡೆದು ಬರುತ್ತಿದ್ದರು. ಸೂರ ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ಊರಿನವರ ಎದುರು ಒಂದು ಒರಟು ಮಾತನ್ನೂ ಆಡಿದವನಲ್ಲ. ಆದರೆ ಐದು ದಿನದಿಂದ, ದಿನಾ, ಕೈಯಾರೆ ಅವಳ ಮಾನ ತೆಗೆಯುತ್ತಿದ್ದ.

ಸಂಜೆ ಮನೆಗೆ ಬಂದು ಹೇಳಿದ. ಜನ ಎದ್ದದ್ದು ನಿನ್ನ ಮುಖಕ್ಕಲ್ಲ, ಬಾಗಿಲಿಗೆ, ತೆಗೆದದ್ದು ನಾನು. ಒಪ್ಪಿಕೊಂಡರೆ ಭಾರ ಇಳಿಯುತ್ತದೆ ಎಂದು ಅವನು ಎಣಿಸಿದ್ದ. ಚಂದ್ರಮತಿ ಎಲ್ಲ ಕೇಳಿದಳು, ನಂಬಲಿಲ್ಲ.

"ಸಮಾಧಾನಕ್ಕೆ ಹೇಳುದ್ ಬ್ಯಾಡ. ಬಾಗ್ಲ್ ತೆಗ್ದಿತ್ತ್ ಅಂದ್ಹೇಳಿ ಯಾರಾರೂ ಉಣ್ತಿದ್ದವ್ರ್ ಎದ್ದ್ ಹೋತ್ರಾ? ಕಾಣ್ಕ್ ಅಂತ ಇದ್ದವ್ರ್ ನಿಲ್ತಿದ್ರ್."

ನೋಡಬೇಕು ಎಂದಿದ್ದವರು ನಿಲ್ಲುತ್ತಿದ್ದರು ಎಂಬ ಮಾತು ಸೂರನನ್ನು ಹೆದರಿಸಿತು. ಒಂದು ವೇಳೆ ಅವಳು ಹೇಳುವುದೇ ನಿಜವಾಗಿದ್ದರೆ? ಬಾಗಿಲು ಮುಚ್ಚಿದ್ದರೂ ಜನ ಏಳುತ್ತಿದ್ದರೇ? ಮೂವತ್ತೊಂದು ವರ್ಷ ಮುಖ ನೋಡಿ ಸಿನಿಮಾದ ಹಣೆಬರಹ ಹೇಳಿದವನಿಗೆ ಇದೊಂದನ್ನು ಹೇಳಲಾಗಲಿಲ್ಲ.

ಬುಧವಾರ ಬೆಳಿಗ್ಗೆ ಮೊದಲು ಅಜಿತನಿಗೆ ಫೋನು ಮಾಡಿದ. ಬಾಗಿಲು ಮೊದಲೇ ತೆಗೆದದ್ದನ್ನು ಹೇಳಿದ. ನಾನೂ ಜನ ಬೇಸತ್ತು ಎದ್ದರು ಎಂದೇ ತಿಳಿದಿದ್ದೆ, ಬಾಗಿಲಿನ ಯೋಚನೆಯೇ ಬರಲಿಲ್ಲ ಎಂದ ಹುಡುಗ. ಬೈದಿದ್ದರೆ ಸೂರನಿಗೆ ಹಗುರವಾಗುತ್ತಿತ್ತು, ಅವನು ಬೈಯಲಿಲ್ಲ. ಆಮೇಲೆ ಶೆಟ್ಟರ ಕೋಣೆ. ನನ್ನ ಮಾತು ತಪ್ಪಿತು, ಇನ್ನೊಂದು ವಾರ ಇಡಬೇಕು ಎಂದು ಸೂರ ಕೈ ಕಟ್ಟಿ ನಿಂತು ಹೇಳಿದ. ಶೆಟ್ಟರು ಕಿಟಕಿಯಿಂದ ಹೊರಗೆ ತೋರಿಸಿದರು. ಕಾಂಪೌಂಡಿನ ಮೇಲೆ ಶುಕ್ರವಾರದಿಂದ ಬರುವ ಸಿನಿಮಾದ ಪೋಸ್ಟರು ಆಗಲೇ ಅಂಟಿಯಾಗಿತ್ತು, ಒಪ್ಪಂದಕ್ಕೆ ಸಹಿಯೂ ಬಿದ್ದಿತ್ತು. ನೀನು ಹೇಳಿದ್ದಕ್ಕೇ ಅಲ್ಲವೇ ಎಂದರು, ಸಿಟ್ಟಿನಿಂದಲ್ಲ. ಉಳಿದದ್ದು ಗುರುವಾರದ ಒಂದು ಆಟ. ಆ ಒಂದು ಆಟಕ್ಕೆ ಬಾಗಿಲು ನನ್ನ ಇಷ್ಟದ ಹಾಗೆ ಎಂದು ಸೂರ ಕೇಳಿದ. ಎದುರಿನ ಬಾಗಿಲು ತೆರೆದಿರಲಿ, ಯಾರನ್ನೂ ಒತ್ತಾಯದಿಂದ ಹಿಡಿಯಬೇಡ, ಬೇಕಾದವರು ಹೋಗಲಿ ಎಂದು ಶೆಟ್ಟರು ಒಪ್ಪಿದರು. ಬದಿಯ ಬಾಗಿಲಿನ ಬೆಳಕು ಕಾಣುವ ತನಕ ಲೈಟು ಹಾಕಬೇಡ, ಸೌಂಡು ಇಳಿಸಬೇಡ ಎಂದು ಸೂರ ಕ್ಯಾಬಿನ್ನಿಗೆ ಹತ್ತಿ ರಾಜೇಂದ್ರನಿಗೆ ಮೂರು ಸಲ ಹೇಳಿ ಬಂದ.

ಚಂದ್ರಮತಿಯನ್ನು ಕರೆತರುವುದೇ ಕಷ್ಟವಾಯಿತು. ನಗೆಪಾಟಲು ಒಂದು ಸಲ ಆದದ್ದು ಸಾಲದೇ ಎಂದಳು. ಸೂರ ವಾದಿಸಲಿಲ್ಲ. ನೀನು ಹೇಳಿದ್ದೇ ನಿಜವಾದರೆ ಇನ್ನು ಈ ಸಿನಿಮಾದ ಹೆಸರು ಎತ್ತುವುದಿಲ್ಲ, ಒಂದು ಸಲ ಬಾ ಎಂದಷ್ಟೇ ಹೇಳಿದ. ಶಿರೂರಿನ ದೀಕ್ಷಾಳಿಗೂ ಅವನೇ ಫೋನು ಮಾಡಿದ. ಮೀನಿನ ಟೆಂಪೋದ ಚಂದಯ್ಯನನ್ನು ಮಾರ್ಕೆಟಿನಲ್ಲಿ ಹಿಡಿದು, ಸರ ಎಲ್ಲಿ ಎಂದು ಊರೆಲ್ಲ ಕೇಳಿಕೊಂಡು ತಿರುಗುತ್ತೀಯಲ್ಲ, ನಾಳೆ ಬಂದು ನೋಡು ಎಂದ. ಅವನು ನಗುತ್ತಾ ಆಗಲಿ ಎಂದ.

ಗುರುವಾರ ಎರಡೂವರೆಯ ಆಟಕ್ಕೆ ನಲವತ್ತು ಜನ ಆದರು. ಮಕ್ಕಳಿಗೆ ಬಡಿಸಿ, ಹಂಡೆ ತೊಳೆದು, ಚಂದ್ರಮತಿ ಓಡೋಡಿ ಬಂದಳು. ಸೀರೆಗೆ ಸಾರಿನ ಕಲೆ ಹಾಗೇ ಇತ್ತು. ದೀಕ್ಷಾ ಮುಂದಿನ ಸಾಲಿಗೆ ಕರೆದರೂ ಹೋಗದೆ ಕಟ್ಟಕಡೆಯ ಸಾಲಿನಲ್ಲಿ ಒಬ್ಬಳೇ ಕೂತಳು. ಸೂರ ಚಿಲಕ ಹಾಕದೆ, ಬಾಗಿಲನ್ನು ಎಳೆದು ಮುಚ್ಚಿ, ಒಳಗಡೆ ಅದಕ್ಕೆ ಬೆನ್ನು ಮಾಡಿ ನಿಂತ. ಎರಡು ಗಂಟೆ ನಿಂತೇ ಇದ್ದ. ಕೂತರೆ ಏಳುವುದು ತಡವಾದೀತು ಎಂಬ ಹೆದರಿಕೆ.

ಧಾರೆ ಬಂತು. ವಾಲಗ ಏರಿತು. ಸೂರನ ಕೈ ತಾನಾಗಿ ಹಿಂದಕ್ಕೆ ಹೋಯಿತು, ಅವನು ಅದನ್ನು ಮುಷ್ಟಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡ. ಟಪ್ ಎಂದು ಒಂದು ಕುರ್ಚಿ ಮಡಚಿತು, ಆಮೇಲೆ ಇನ್ನೊಂದು, ಆಮೇಲೆ ಹತ್ತು. ಜನ ಎದ್ದೇ ಎದ್ದರು. ಕತ್ತಲೆಯಲ್ಲಿ ಸಾಲಾಗಿ ಅವನ ಕಡೆಗೆ ಬರತೊಡಗಿದರು. ಹಿಂದಿನ ಸಾಲಿನಲ್ಲಿ ಹೆಂಡತಿ ತಲೆ ತಗ್ಗಿಸಿದ್ದು ಅವನಿಗೆ ಕಂಡಿತು. ಅವಳು ಹೇಳಿದ್ದೇ ನಿಜವಾಯಿತು ಎಂದುಕೊಂಡ.

ಎಲ್ಲರಿಗಿಂತ ಮುಂದೆ ಚಂದಯ್ಯನಿದ್ದ. ನೂಕಲೆಂದು ಸೂರನ ಹೆಗಲ ಮೇಲಿಂದ ಚಾಚಿ ಬಾಗಿಲಿಗೆ ಕೈ ಇಟ್ಟ. ಸೂರ ಕದಲಲಿಲ್ಲ.

"ಮುಗಿಲಿಲ್ಲೆ ಮಾರಾಯ," ಎಂದ ಸೂರ. "ತಿರ್ಗಿ ಕಾಣ್."

ಅಷ್ಟರಲ್ಲಿ ಪರದೆಯಿಂದ ಆ ದಪ್ಪ ಧ್ವನಿ ಬಂತು. ಮದುವೆಯ ಗಲಾಟೆಯೆಲ್ಲ ಮುಗಿದ ಹಿತ್ತಿಲು. ಹಂಡೆ ಉಜ್ಜುತ್ತಿರುವ ಅಡುಗೆಯವಳು, ಊರು ಬಿಟ್ಟು ಹೊರಟ ಮುತ್ತನನ್ನು ಕರೆದು ಕೂರಿಸಿ, ಅನ್ನ ತಿಂದು ಹೋಗು ಎಂದು ಬೈಯುತ್ತಾಳೆ. ಶಾಲೆಯ ಮಕ್ಕಳನ್ನು ಬೈಯುವ ಅದೇ ಬೈಗುಳ. ನಡೆಯುತ್ತಿದ್ದವರಲ್ಲಿ ಯಾರೋ ನಕ್ಕರು, ನಿಂತರು. ಅವಳು ಮಡಿಲಿನಿಂದ ಸರ ತೆಗೆದಳು. ಚಂದಯ್ಯನ ಕೈ ಬಾಗಿಲಿನಿಂದ ಇಳಿಯಿತು. ಸರ ಮೊದಲ ದಿನವೇ ಅಕ್ಕಿ ತೊಳೆದ ನೀರಿನಲ್ಲಿ ಅವಳಿಗೆ ಸಿಕ್ಕಿತ್ತು. ಉಜ್ಜಿ ನೋಡಿದರೆ ಹಿತ್ತಾಳೆ. ಚಿನ್ನ ಎಂದು ಗಂಡಿನ ಕಡೆಯವರಿಗೆ ಮಾತು ಕೊಟ್ಟ ಮನೆಯ ಯಜಮಾನನ ಮರ್ಯಾದೆ ಹೋಗುತ್ತದೆಂದು ಅವಳು ಅದನ್ನು ಬಚ್ಚಿಟ್ಟಿದ್ದಳು.

"ಅವ್ರ್ ಮರ್ವಾದಿ ಉಳ್ಸುಕೆ ಹೋಯಿ ನಿನ್ ಮರ್ವಾದಿ ತೆಗ್ದೆ, ಮುತ್ತ," ಎಂದಿತು ಪರದೆಯ ಮೇಲಿನ ಆ ಮುಖ. "ಒಂದ್ ಮಾತ್ ಹೇಳ್ದೆ ಸುಮ್ನೆ ಕೂಕಂಡೆ. ಅದೂ ಕದ್ದ ಹಾಂಗೇ."

ಮುಖ ಅಷ್ಟಗಲವಿತ್ತು, ಕೆನ್ನೆಯ ಮೇಲಿನ ಬೆವರೂ ಕಾಣುತ್ತಿತ್ತು. ಸೂರ ಅವಳನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿ ಎಷ್ಟು ಕಾಲವಾಯಿತೋ. ಅವನ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಕೈ ಕಂಕುಳಿನಿಂದ ಬರಲಿಲ್ಲ. ನಲವತ್ತು ಜನ ಎದ್ದಲ್ಲೇ ನಿಂತಿದ್ದರು, ಕೆಲವರು ಮೆಟ್ಟಿಲ ಮೇಲೆ ಕೂತಿದ್ದರು. ಎದುರಿನ ಬಾಗಿಲು ತೆರೆದೇ ಇತ್ತು. ಆ ಕಡೆ ಯಾರೂ ಹೋಗಲಿಲ್ಲ. ಅಡುಗೆಯವಳು ಮುತ್ತನ ಕೈ ಹಿಡಿದು ಎಬ್ಬಿಸಿ, ಹಿತ್ತಿಲಿನಿಂದ ಅಂಗಳಕ್ಕೆ ನಡೆದು, ಎಲ್ಲರ ಎದುರು ಮನೆಯ ಯಜಮಾನನ ಹೆಸರು ಹಿಡಿದು ಕೂಗುತ್ತಾಳೆ. ಯಜಮಾನ ತಿರುಗಿ ನೋಡುವಲ್ಲಿಗೆ ಪರದೆ ಕಪ್ಪಾಯಿತು.

ಕತ್ತಲೆಯಲ್ಲೇ ಜಗಳ ಶುರುವಾಯಿತು. ಸರ ಸಿಕ್ಕಿತು ಸರಿ, ಯಜಮಾನ ಏನು ಹೇಳಿದ ಎಂದು ತೋರಿಸದೆ ಮುಗಿಸುವುದು ಯಾವ ನ್ಯಾಯ ಎಂದು ಚಂದಯ್ಯ. ಅವನು ಏನಾದರೂ ಹೇಳಿಕೊಳ್ಳಲಿ, ಕರೆದಳಲ್ಲ ಅಷ್ಟು ಸಾಕು ಎಂದು ದೀಕ್ಷಾಳ ಜೊತೆಗೆ ಬಂದ ಹೆಂಗಸರು. ಮುತ್ತನಿಗೆ ಹೊಡೆದವರಿಗೆ ಶಿಕ್ಷೆಯಾಗುವುದನ್ನು ತೋರಿಸಬೇಕಿತ್ತು ಎಂದು ಇನ್ನೊಬ್ಬ. ಸೂರ ಬಾಗಿಲು ತೆರೆದ. ಬೆಳಕು ಬಿದ್ದಾಗ ಚಂದ್ರಮತಿ ಹಿಂದಿನ ಸಾಲಿನಿಂದ ಇಳಿದು ಬರುತ್ತಿದ್ದಳು. ಜನ ಅವಳಿಗೆ ದಾರಿ ಬಿಡಲಿಲ್ಲ, ಸುತ್ತುಗಟ್ಟಿದರು. ಯಜಮಾನ ಕಡೆಗೆ ಏನು ಹೇಳಿದ ಎಂದು ಚಂದಯ್ಯ ಅವಳನ್ನೇ ಕೇಳಿದ, ಅವಳಿಗೆ ಗೊತ್ತಿರಲೇಬೇಕು ಎಂಬಂತೆ. ನನಗೂ ಹೇಳಲಿಲ್ಲ, ಕೂಗು ಎಂದರು, ಕೂಗಿದೆ ಎಂದಳು. ಹೇಳುವಾಗ ಅವಳ ಮುಖ ಅರಳಿತ್ತು.

ಎಲ್ಲರೂ ವಾದಿಸುತ್ತಾ ಓಣಿ ದಾಟಿ ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ಹೇಗಿತ್ತು ಎಂದು ಸೂರ ಕೇಳಿದ. ಚಂದ್ರಮತಿ ಖಾಲಿ ಪರದೆಯ ಕಡೆಗೆ ನೋಡಿದಳು.

"ನಾ ಜನ್ರನ್ನೇ ಕಾಂತಾ ಇದ್ದೆ," ಎಂದಳು. "ನನ್ನನ್ ಕಾಣ್ಲೇ ಇಲ್ಲೆ. ಇನ್ನೊಂದ್ ಸಲ ಹಾಕ್ತ್ರಾ?"

ಸೂರನಿಗೆ ಆ ಪ್ರಶ್ನೆಯಷ್ಟು ದೊಡ್ಡ ಶಿಕ್ಷೆಯನ್ನು ಯಾರಿಂದಲೂ ಕೊಡಲಾಗುತ್ತಿರಲಿಲ್ಲ. ಇಲ್ಲ, ಇವತ್ತಿಗೆ ಮುಗಿಯಿತು, ನಾಳೆಯಿಂದ ಬೇರೆ ಸಿನಿಮಾ, ತೆಗೆಯಿರಿ ಎಂದು ಶೆಟ್ಟರಿಗೆ ಹೇಳಿದವನು ನಾನೇ ಎಂದ. ಒಂದನ್ನೂ ಮುಚ್ಚಿಡಲಿಲ್ಲ. ಹೆಂಡತಿ ಇದ್ದರೂ ಕೊನೆ ಕೊನೆಯೇ ಎಂದು ತಾನು ಹೇಳಿದ್ದನ್ನೂ ಹೇಳಿದ.

ಅಜಿತ್ ಕುಂದಾಪುರದವರನ್ನು ಇನ್ನೊಮ್ಮೆ ಕೇಳುತ್ತಾನಂತೆ ಎಂದು ಸೂರ ಮೆಲ್ಲಗೆ ಸೇರಿಸಿದ. ಅವರು ಕೊಡುತ್ತಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೂ ಹೇಳಿದ.

"ಕೊಟ್ರೆ ಹೋಪ," ಎಂದಳು ಚಂದ್ರಮತಿ. "ಅಲ್ಲ್ ನೀವ್ ಬಾಗ್ಲ್ ಹತ್ರ ನಿಲ್ಲುದ್ ಬ್ಯಾಡ. ನನ್ ಬದಿಯಗೆ ಕೂಕಣಿ."

ಮದುವೆಯಾದ ಮೇಲೆ ಅವರಿಬ್ಬರೂ ಪಕ್ಕದಲ್ಲಿ ಕೂತು ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಆಯಿತು ಎಂದ ಸೂರ.